ಕರೆಗಂಟೆಯ ಮೇಲೊಂದು ಹೆಸರು

‘ನಿಮ್ಮದು ಯಾವೂರು?’ ನಮ್ಮ ಜನ ಎಲ್ಲಿ ಸಿಕ್ಕರೂ ಮೊದಲು ಕೇಳುವುದು ಇದನ್ನೇ. ನನ್ನ ಉತ್ತರ ಸ್ವಲ್ಪ ಉದ್ದ. ಅಪ್ಪ ಧಾರವಾಡದವರು. ಅಮ್ಮ ಮಂಗಳೂರಿನ ಕ್ಯಾಥೊಲಿಕ್. ನಾನು ಹುಟ್ಟಿ ಬೆಳೆದದ್ದು ಮಸ್ಕತ್‌ನಲ್ಲಿ. ಅಮ್ಮನೊಂದಿಗೆ ಕೊಂಕಣಿ, ಅಪ್ಪನೊಂದಿಗೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಅರಬ್ಬಿ. ‘ಯಾವ ಭಾಷೆಯೂ ನೆಟ್ಟಗೆ ಬಾರದ ಹುಡುಗಿ’ ಎಂದು ಎರಡೂ ಕಡೆಯ ಅಜ್ಜಿಯರು ನಗುತ್ತಿದ್ದರು.

ಮದುವೆಯಾಗಿ ಬರ್ಲಿನ್‌ಗೆ ಬಂದಾಗ ನನಗೆ 26 ವರ್ಷ. ಮೂರು ವರ್ಷ ಎರಡು ತಿಂಗಳಿಗೆ ಸಂಸಾರ ಮುಗಿಯಿತು. ಯಾರ ತಪ್ಪು ಎಂಬ ಮಾತು ಇಲ್ಲಿ ಬೇಡ. ಆದರೆ ಆ ಎರಡು ತಿಂಗಳ ಬೆಲೆ ಹೇಳಲೇಬೇಕು. ಗಂಡನ ವೀಸಾದ ಆಧಾರದ ಮೇಲೆ ಜರ್ಮನಿಗೆ ಬಂದವಳು ಅಲ್ಲಿ ಮೂರು ವರ್ಷ ಕೂಡಿ ಬಾಳಿದ್ದರೆ, ಬೇರೆಯಾದ ಮೇಲೂ ಸ್ವಂತ ಹಕ್ಕಿನಿಂದ ಉಳಿಯಬಹುದು. ಮನೆಯೊಳಗಿನ ಹಿಂಸೆಯಂಥ ಪ್ರಸಂಗಗಳಲ್ಲಿ ಈ ಅವಧಿಗೆ ವಿನಾಯಿತಿಯೂ ಉಂಟು. ಮೊದಲಿಗೆ ಸಿಗುವುದು ಒಂದು ವರ್ಷ. ಆಮೇಲೆ ನಮ್ಮ ಅನ್ನ ನಾವೇ ದುಡಿಯುತ್ತೇವೆಂದು ತೋರಿಸಬೇಕು.

ಪ್ರತಿ ಭಾನುವಾರ ಅಪ್ಪನ ಫೋನು. ‘ಒಬ್ಬಾಕಿನ ಅಲ್ಲೇನ್ ಮಾಡ್ತಿಯವಾ? ಬಂದ್ಬಿಡು.’ ನಿವೃತ್ತರಾಗಿ ಅವರಿಬ್ಬರೂ ಧಾರವಾಡ ಸೇರಿದ್ದರು. ಬೇಸಿಗೆ ರಜೆಯಲ್ಲಷ್ಟೇ ನಾನು ಕಂಡ ಊರು ಅದು. ಮಸ್ಕತ್‌ನಲ್ಲಿ ಮನೆಯೇ ಉಳಿದಿರಲಿಲ್ಲ. ಮರಳುವುದಾದರೂ ಎಲ್ಲಿಗೆ?

ಸರ್ಕಾರದ ಭಾಷಾ ತರಗತಿಗೆ ಸೇರಿದೆ. ಜರ್ಮನ್ ಕಲಿಯಲು 600 ಪಾಠ, ದೇಶದ ಕಾನೂನು, ಚರಿತ್ರೆಗೆ ಇನ್ನೂ 100. ಜರ್ಮನ್ನರಿಗೆ ಮೇಜು ಗಂಡು, ದೀಪ ಹೆಣ್ಣು, ಪುಸ್ತಕ ಎರಡೂ ಅಲ್ಲ. ಕನ್ನಡದ ಕಿವಿಗೆ ಇದು ವಿಚಿತ್ರವೇ. ಆದರೆ ಕೊಂಕಣಿಯಲ್ಲೂ ವಸ್ತುಗಳಿಗೆ ಲಿಂಗವುಂಟಲ್ಲ! ಅಮ್ಮನ ಭಾಷೆ ಅಲ್ಲಿ ಕೈಹಿಡಿಯಿತು.

ಕೆಲಸ ಕೊಡಿಸಿದ್ದು ಅರಬ್ಬಿ. ಬರ್ಲಿನ್ನಿನ ನೊಯ್‌ಕೋಲ್ನ್ ಪ್ರದೇಶದಲ್ಲಿ ಝೊನೆನ್‌ಅಲೇ ಎಂಬ ರಸ್ತೆಯಿದೆ. ಅಲ್ಲಿ ಸಾಲು ಸಾಲಾಗಿ ಅರಬ್ಬರ ಅಂಗಡಿಗಳು. ಒಂದು ಬೇಕರಿಯ ಸಿರಿಯಾದ ಮಾಲೀಕರು ನನ್ನ ಮಸ್ಕತ್ತಿನ ಮಾತಿನ ಧಾಟಿ ಕೇಳಿ ನಕ್ಕರು. ನಕ್ಕು, ಬೆಳಗಿನ ಪಾಳಿಗೆ ಬರಹೇಳಿದರು. ಒಳಗೆ ಒಲೆಯ ಮುಂದೆ ಅರಬ್ಬಿ, ಹೊರಗೆ ಗಿರಾಕಿಗಳಿಗೆ ಜರ್ಮನ್. ಅಜ್ಜಿಯರು ನಕ್ಕ ಕಲಸುಮೇಲೋಗರವೇ ಈಗ ನನ್ನ ಬಂಡವಾಳ.

ಬರ್ಲಿನ್ನಿನ ವಸತಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆಗಳಿಗೆ ನಂಬರು ಇರುವುದಿಲ್ಲ. ಕರೆಗಂಟೆಯ ಪಕ್ಕ, ಅಂಚೆ ಪೆಟ್ಟಿಗೆಯ ಮೇಲೆ ವಾಸವಿರುವವರ ಅಡ್ಡಹೆಸರು. ಅದಿಲ್ಲದಿದ್ದರೆ ಕಾಗದ ವಾಪಸು. ಬಾಡಿಗೆಯ ಒಂಟಿ ಕೋಣೆ ಸಿಕ್ಕ ದಿನ ಅಪ್ಪನ ಅಡ್ಡಹೆಸರನ್ನು ಜರ್ಮನ್ ಅಕ್ಷರಗಳಲ್ಲಿ ಬರೆದು ಅಂಟಿಸಿದೆ. ವೀಸಾ ಕಚೇರಿಯ ಪತ್ರ ಆ ಹೆಸರಿಗೇ ಬಂತು: ಇನ್ನೆರಡು ವರ್ಷ ಇರಬಹುದು.

ಗಂಡನ ಹಿಂದೆ ಪರದೇಶಕ್ಕೆ ಹೊರಡುವ ತಂಗಿಯರಿಗೆ ನನ್ನದೊಂದು ಮಾತು. ಉಪ್ಪಿನಕಾಯಿ ಜಾಡಿಯ ಜೊತೆಗೆ ನಿಮ್ಮ ಸರ್ಟಿಫಿಕೇಟುಗಳನ್ನೂ ಒಯ್ಯಿರಿ. ಹೋದ ವಾರದಲ್ಲೇ ಭಾಷೆಯ ತರಗತಿ ಹುಡುಕಿ. ನಿಮ್ಮ ಹೆಸರಲ್ಲೊಂದು ಬ್ಯಾಂಕ್ ಖಾತೆ ಇರಲಿ. ಸಂಸಾರ ಚೆನ್ನಾಗಿ ನಡೆದರೂ ಇವು ಯಾವುವೂ ದಂಡವಾಗುವುದಿಲ್ಲ.