ತಪ್ಪು ತೋರಿಸುವವರು ಬೇಕಾಗಿದ್ದಾರೆ

ದಾಸೋಹವೆಂದೊಡನೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಅನ್ನ. ಆ ಬಳಿಕ ಅಕ್ಷರ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತು ನಡೆಸಿದ ತ್ರಿವಿಧ ದಾಸೋಹ ಸರ್ವವಿದಿತವಾದುದು. ನೀಡುವವರ ಹಿರಿಮೆಯನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಆದರೆ ಉಣ್ಣುವವನಿಗೂ ಒಂದು ಕಾಯಕವಿದೆಯೆಂಬುದನ್ನು ನಾವು ಯೋಚಿಸಿದ್ದೇವೆಯೇ? ಪಂಕ್ತಿಯಲ್ಲಿ ಕುಳಿತವನ ಬಾಯಿಗೆ ಅನ್ನದಲ್ಲಿ ಕಲ್ಲು ಸಿಕ್ಕಿತೆನ್ನಿ. ಸಂಕೋಚದಿಂದ ಅವನು ಅದನ್ನು ನುಂಗಿ ಸುಮ್ಮನಾದರೆ, ಅದೇ ಅಕ್ಕಿಯ ಇನ್ನೊಂದು ಕಲ್ಲು ಮುಂದಿನ ಪಂಕ್ತಿಯ ಮಗುವಿನ ಹಲ್ಲಿಗೆ ಸಿಗುತ್ತದೆ. ಈ ಮಾತನ್ನು ನಾನು ಕಲಿತದ್ದು ಯಾವ ಮಠದ ಪಂಕ್ತಿಯಲ್ಲಿಯೂ ಅಲ್ಲ. ಮಂಗಳೂರಿನ ಬೋಳಾರದಲ್ಲಿರುವ ನನ್ನ ಮನೆಯ ಜಗಲಿಯಲ್ಲಿ.

ನಾನು ಹಾವೇರಿ ಕಡೆಯವನು. ಉದ್ಯೋಗನಿಮಿತ್ತ ಮಂಗಳೂರಿಗೆ ಬಂದು, ಮೂರು ದಶಕಗಳ ಕಾಲ ಪದವಿಪೂರ್ವ ತರಗತಿಗಳಿಗೆ ಗಣಿತ ಬೋಧಿಸಿ, ನಿವೃತ್ತನಾದ ಮೇಲೂ ಇಲ್ಲಿಯೇ ಉಳಿದೆ. ಈ ನಗರಕ್ಕೆ ಹೆಸರಿತ್ತ ಮಂಗಳಾದೇವಿಯ ದೇವಸ್ಥಾನ ನಮ್ಮ ಬೋಳಾರದಲ್ಲಿಯೇ ಇದೆ. ನಮ್ಮ ಸಮಾಜದ ಮನೆಗಳು ಇಲ್ಲಿ ಬಹಳವಿಲ್ಲವಾದರೂ ನೆರೆಹೊರೆಯ ಪ್ರೀತಿಗೆ ಎಂದೂ ಕೊರತೆಯಾಗಿಲ್ಲ.

ಕಳೆದ ವರ್ಷ ಬೆಂಗಳೂರಿನಲ್ಲಿ ಕಂಪ್ಯೂಟರ್ ಇಂಜಿನಿಯರಾಗಿರುವ ನನ್ನ ತಂಗಿಯ ಮಗ ಬಂದಿದ್ದಾಗ ತಾನು ರಜೆಯ ದಿನಗಳಲ್ಲಿ ಸಿದ್ಧಪಡಿಸಿದ ಒಂದು ಸಾಧನವನ್ನು ತೋರಿಸಿದನು. ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ಕಲನಶಾಸ್ತ್ರವನ್ನು ಅಭ್ಯಾಸಮಾಡಿಸುವ ಸಾಧನವದು. ವಕ್ರರೇಖೆಯ ಮೇಲೊಂದು ಚುಕ್ಕಿ. ಅದನ್ನು ಬೆರಳಿನಿಂದ ಸರಿಸಿದಂತೆ ಸ್ಪರ್ಶರೇಖೆ ಓರೆಯಾಗುತ್ತ ಸಾಗುತ್ತದೆ, ಓರೆಯ ಬೆಲೆ ಪಕ್ಕದಲ್ಲಿ ಬದಲಾಗುತ್ತದೆ. ಕೆಳಗೆ ಲೆಕ್ಕಗಳು. ಉತ್ತರ ಬರೆದರೆ ಸರಿಯೋ ತಪ್ಪೋ ಎಂದು ತಕ್ಷಣ ಹೇಳುತ್ತದೆ. ದ್ವಿತೀಯ ಪಿ.ಯು.ಸಿ. ಗಣಿತ ಪಠ್ಯದ 13 ಅಧ್ಯಾಯಗಳಲ್ಲಿ 5 ಅಧ್ಯಾಯಗಳು ಕಲನಶಾಸ್ತ್ರಕ್ಕೇ ಸೇರಿದವು. ಟ್ಯೂಷನ್ನಿಗೆ ಹಣ ತೆರಲಾರದ ಮನೆಯ ಮಗುವಿಗೆ ಇಂತಹದೊಂದು ದೊರೆತರೆ ಅದಕ್ಕಿಂತ ದೊಡ್ಡ ಜ್ಞಾನದಾಸೋಹ ಯಾವುದು?

ನಾನು ಮೆಚ್ಚಿ ಮಾತನಾಡುತ್ತಿದ್ದಂತೆ ಅವನು ತಡೆದನು. “ಮಾಮಾ, ಮಾಡಿದಾಂವಗ ತನ್ನ ತಪ್ಪು ಕಾಣಂಗಿಲ್ಲ. ನೀವು ಗಣಿತ ಬಲ್ಲವರು, ನಿಮಗೂ ಕಾಣಂಗಿಲ್ಲ. ಕಲಿಯೋ ಹುಡುಗರ ಕೈಯಾಗ ಕೊಟ್ಟು ನೋಡಬೇಕು. ಒಂದ್ ಹತ್ತು ಮಂದಿನ್ನ ಹುಡುಕಿ ಕೊಡ್ರಿ.”

ಹತ್ತು ಮಂದಿಯೇ? ಅದೇನು ಮಹಾ ಕೆಲಸವೆಂದು ಒಪ್ಪಿಕೊಂಡೆ. ಆದರೆ ಉಚಿತವಾಗಿ ಕೊಡುವುದಕ್ಕಿಂತ, ಅದನ್ನು ಪರೀಕ್ಷಿಸಿ ನೋಡುವವರನ್ನು ಹುಡುಕುವುದು ಕಷ್ಟವೆಂಬುದು ಒಂದು ವಾರದಲ್ಲಿಯೇ ತಿಳಿಯಿತು. ಕೆಲವು ತಂದೆತಾಯಂದಿರು, ಮಕ್ಕಳ ಕೈಗೆ ಮೊಬೈಲು ಕೊಟ್ಟರೆ ಕೆಡುತ್ತಾರೆಂದರು. ಕೆಲವರು, ಬೆಳಿಗ್ಗೆ ಕೋಚಿಂಗ್, ಹಗಲು ಕಾಲೇಜು, ಸಂಜೆ ಮತ್ತೆ ಕೋಚಿಂಗ್, ಬಿಡುವೆಲ್ಲಿಯದೆಂದರು. ಒಬ್ಬರಂತೂ, “ಇದಕ್ಕೆ ಸರ್ಟಿಫಿಕೇಟು ಉಂಟಾ ಸರ್?” ಎಂದು ಕೇಳಿದರು. ಅವರದೂ ತಪ್ಪಲ್ಲ, ಉಚಿತವೆಂಬ ಮಾತಿನ ಹಿಂದೆ ಏನೋ ಇದೆಯೆಂದು ಶಂಕಿಸುವ ಕಾಲವಿದು. ಕೊನೆಗೆ ಐವರು ದೊರೆತರು. ಹೆತ್ತವರ ಒಪ್ಪಿಗೆ ಪಡೆದು, ಭಾನುವಾರ ಸಂಜೆ ನಮ್ಮ ಜಗಲಿಯಲ್ಲಿ ಕೂಡುವುದೆಂದು ನಿಶ್ಚಯಿಸಿದೆವು. ಐವರೇ ಎಂದು ನಾನು ಪೇಚಾಡಿದರೆ ಅಳಿಯ ಫೋನಿನಲ್ಲಿ ಸಮಾಧಾನ ಹೇಳಿದನು. ಯಾಕೋಬ್ ನೀಲ್ಸನ್ ಎಂಬ ತಜ್ಞರು ಬಹಳ ಹಿಂದೆಯೇ ಲೆಕ್ಕಹಾಕಿ ತೋರಿಸಿದ್ದಾರಂತೆ: ಐದು ಮಂದಿ ಬಳಸಿ ನೋಡಿದರೆ ಸಾಧನದ ತೊಡಕುಗಳಲ್ಲಿ ಸುಮಾರು 85 ಪಾಲು ಹೊರಬೀಳುತ್ತವೆ, ಆರನೆಯವನು ಹೇಳುವುದು ಹೆಚ್ಚಾಗಿ ಹಳೆಯ ಮಾತೇ. ಆದರೆ ಐವರೂ ಬಾಯಿಬಿಟ್ಟು ಹೇಳಬೇಕಷ್ಟೆ.

ಬಾಯಿಬಿಡಿಸುವುದೇ ದೊಡ್ಡ ಪರೀಕ್ಷೆಯಾಯಿತು. ಮೊದಲ ಭಾನುವಾರ ಮಕ್ಕಳು ಒಂದು ಗಂಟೆ ಬಳಸಿದರು. “ಹೇಗಿದೆ?” ಎಂದು ಕೇಳಿದರೆ ಐವರದೂ ಒಂದೇ ಉತ್ತರ: “ಲಾಯ್ಕುಂಟು ಸರ್.” ಮನೆಯಾಕೆ ಕೊಟ್ಟ ಮಂಡಕ್ಕಿ ಒಗ್ಗರಣೆ ತಿಂದು, ನಮಸ್ಕರಿಸಿ ಹೋದರು. ನಾನೂ ಹಿಗ್ಗಿ, ಎಲ್ಲವೂ ಚೆನ್ನಾಗಿದೆಯೆಂದು ಅಳಿಯನಿಗೆ ವರದಿಯೊಪ್ಪಿಸಿದೆ. ಅವನು ನಗಲಿಲ್ಲ. “ಮಾಮಾ, ನೀವು ಕೇಳಿದ್ದಕ್ಕ ಅವರು ಮರ್ಯಾದಿ ಕೊಟ್ಟಾರ, ಉತ್ತರ ಕೊಟ್ಟಿಲ್ಲ,” ಎಂದನು.

ಮೂರು ದಿನಗಳ ಬಳಿಕ ಐವರಲ್ಲೊಬ್ಬಳ ತಾಯಿ ಬಾಗಿಲಿಗೆ ಬಂದರು. ಬೀಡಿ ಕಟ್ಟಿ ಮಗಳನ್ನು ಓದಿಸುತ್ತಿರುವಾಕೆ. ಹುಡುಗಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕಗಳೊಂದಿಗೆ ವಿಜ್ಞಾನ ವಿಭಾಗಕ್ಕೆ ಸೇರಿದವಳು. “ಮಾಷ್ಟ್ರೇ, ಅವಳು ಮೊನ್ನೆ ರಾತ್ರಿ ಊಟವೇ ಮಾಡ್ಲಿಲ್ಲ. ತನಗೆ ಗಣಿತ ಆಗುದಿಲ್ಲ, ಮುಂದೆ ಬೀಕಾಮಿಗೆ ಹೋಗ್ತೇನೆ ಅಂತ ಹೇಳ್ತಾಳೆ. ನೀವೊಮ್ಮೆ ಮಾತಾಡಿ ಮಾರಾಯ್ರೆ,” ಎಂದರು.

ಹುಡುಗಿಯನ್ನು ಕರೆಸಿ, ಅವಳು ಲೆಕ್ಕಮಾಡಿದ್ದ ಪುಸ್ತಕ ತರಿಸಿ ನೋಡಿದೆ. ಎರಡು ಸೈನ್ ಎಕ್ಸ್ ಕಾಸ್ ಎಕ್ಸ್ ಎಂಬುದನ್ನು ಅನುಕಲಿಸುವ ಲೆಕ್ಕವದು. ಸೈನ್ ವರ್ಗ ಎಕ್ಸ್, ಅದಕ್ಕೊಂದು ಸ್ಥಿರಾಂಕ ಕೂಡಿಸಿದರೆ ಉತ್ತರ. ಅವಳು ಬೇರೆ ದಾರಿ ಹಿಡಿದು, ಋಣ ಕಾಸ್ ವರ್ಗ ಎಕ್ಸ್ ಎಂದು ಬರೆದು ಸ್ಥಿರಾಂಕ ಸೇರಿಸಿದ್ದಳು. ಸಾಧನವು ಕೆಂಪಕ್ಷರದಲ್ಲಿ ‘ತಪ್ಪು’ ಎಂದು ತೋರಿಸಿತ್ತು. ಅವಳು ನಾಲ್ಕು ಬಾರಿ ಮಾಡಿದ್ದಳು. ನಾಲ್ಕು ಬಾರಿಯೂ ಅದೇ ಉತ್ತರ, ಅದೇ ಕೆಂಪಕ್ಷರ.

ಅವಳ ಉತ್ತರ ಸರಿಯಾಗಿತ್ತು. ಸೈನ್ ವರ್ಗ, ಕಾಸ್ ವರ್ಗಗಳನ್ನು ಕೂಡಿದರೆ ಒಂದು ಎಂಬುದನ್ನು ಹೈಸ್ಕೂಲಿನಲ್ಲಿಯೇ ಕಲಿಸುತ್ತಾರೆ. ಆದುದರಿಂದ ಆ ಎರಡು ಉತ್ತರಗಳ ನಡುವಣ ವ್ಯತ್ಯಾಸ ಬರಿಯ ಒಂದು. ಆ ಒಂದನ್ನು ಸ್ಥಿರಾಂಕವು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ನೋಡಲು ಬೇರೆ ಬೇರೆಯಾದ ಉತ್ತರಗಳು ನಿಜದಲ್ಲಿ ಒಂದೇ ಕುಟುಂಬದವು. ಸಾಧನವಾದರೋ ತನ್ನಲ್ಲಿ ಬರೆದಿಟ್ಟಿದ್ದ ಉತ್ತರದ ಅಕ್ಷರಗಳೊಂದಿಗೆ ಅವಳ ಅಕ್ಷರಗಳನ್ನು ಹೋಲಿಸಿ, ಹೊಂದಲಿಲ್ಲವೆಂದು ತೀರ್ಪಿತ್ತಿತ್ತು.

“ಹಾಗಾದರೆ ಭಾನುವಾರವೇ ಏಕೆ ಹೇಳಲಿಲ್ಲಮ್ಮ?” ಎಂದು ಕೇಳಿದೆ. ತಲೆತಗ್ಗಿಸಿಕೊಂಡು, “ಕಂಪ್ಯೂಟರ್ ತಪ್ಪು ಹೇಳ್ಲಿಕ್ಕಿಲ್ಲ ಅಂತ ಗ್ರಹಿಸಿದೆ ಸರ್. ಮತ್ತೆ ನೀವು ಬೇಜಾರು ಮಾಡ್ತೀರಿ ಅಂತ…” ಎಂದಳು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಸಾಧನದ ತಪ್ಪಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ನನ್ನ ಮೂರು ದಶಕಗಳ ತರಗತಿ. “ಅರ್ಥವಾಯಿತೇ?” ಎಂದು ಕೇಳಿ, “ಆಯಿತು ಸರ್” ಎಂಬ ಒಕ್ಕೊರಲಿನ ಉತ್ತರ ಕೇಳಿ, ತೃಪ್ತನಾಗಿ ಹಲಗೆ ಒರೆಸಿದ ದಿನಗಳೆಷ್ಟು! ಹಿಂದೊಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಪುಸ್ತಕದ ಉತ್ತರಕ್ಕೆ ಹೊಂದದ ಉತ್ತರ ತೋರಿಸಲು ಬಂದಾಗ, ಗಂಟೆ ಹೊಡೆದ ಅವಸರದಲ್ಲಿ, “ಪುಸ್ತಕದಲ್ಲಿ ಹಾಗಿಲ್ಲವಲ್ಲ, ಮತ್ತೆ ಮಾಡು,” ಎಂದು ಕಳುಹಿಸಿದ್ದು ನೆನಪಾಯಿತು. ಅವನು ಮತ್ತೆ ಬರಲಿಲ್ಲ. ಅವನ ಉತ್ತರ ಸರಿಯಿತ್ತೋ ಇಲ್ಲವೋ ನಾನು ನೋಡಲೇ ಇಲ್ಲ. ಅಂದು ಕೆಂಪಕ್ಷರ ಬರೆದವನು ನಾನೇ.

ಮರುದಿನ ಅಳಿಯನಿಗೆ ಎಲ್ಲವನ್ನೂ ತಿಳಿಸಿದೆ. ಅವನು ತಡಮಾಡದೆ ಸಾಧನದ ಪರಿಶೀಲನೆಯ ಕ್ರಮವನ್ನೇ ಬದಲಿಸಿದನು. ಈಗ ಅದು ಉತ್ತರದ ಅಕ್ಷರಗಳನ್ನು ಹೋಲಿಸುವುದಿಲ್ಲ. ವಿದ್ಯಾರ್ಥಿ ಬರೆದ ಉತ್ತರವನ್ನು ಅವಕಲಿಸಿ, ಎಕ್ಸ್‌ನ ಹಲವು ಬೆಲೆಗಳಲ್ಲಿ ಅದು ಮೂಲಪ್ರಶ್ನೆಗೆ ಹೊಂದುತ್ತದೆಯೇ ಎಂದು ನೋಡುತ್ತದೆ. ಹೊಂದಿದರೆ ಯಾವ ರೂಪದಲ್ಲಿದ್ದರೂ ಸರಿ. ಸ್ಥಿರಾಂಕ ಮರೆತಿದ್ದರೆ ‘ತಪ್ಪು’ ಎನ್ನದೆ, ‘ಒಂದು ಸಣ್ಣ ಪದ ಬಿಟ್ಟುಹೋಗಿದೆ, ಯೋಚಿಸಿ’ ಎನ್ನುತ್ತದೆ.

ನಮ್ಮ ಕೂಟದ ಕ್ರಮವನ್ನೂ ಬದಲಿಸಿದೆವು. ಬೋಳಾರದ ಹಳಬರಿಗೆ ಹಂಚಿನ ಕಾರ್ಖಾನೆಗಳ ನೆನಪಿದೆ. ಪಕ್ಕದ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಮಂಗಳೂರು ಹಂಚು ದೇಶವಿದೇಶಗಳಿಗೆ ಹೋಯಿತು. ಹಂಚನ್ನು ಬೆರಳಿನಿಂದ ಬಡಿದರೆ ಚೆನ್ನಾಗಿ ಬೆಂದದ್ದು ಠಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ನುಡಿಯುತ್ತದೆ. ಬಡಿಯುವುದು ಹಂಚಿಗೆ ಮಾಡುವ ಅವಮಾನವಲ್ಲ. ಮಳೆಗಾಲದಲ್ಲಿ ಮನೆ ಸೋರದಂತೆ ಮಾಡುವ ಉಪಕಾರ. ಮಕ್ಕಳಿಗೆ ನಾನು ಹೇಳಿದ್ದೂ ಅಷ್ಟೆ: “ನೀವು ಪರೀಕ್ಷೆ ಬರೆಯುತ್ತಿಲ್ಲ, ಪರೀಕ್ಷೆ ಮಾಡುತ್ತಿದ್ದೀರಿ. ಬಡಿದು ನೋಡಿ.” ಮನಸ್ಸಿಗೆ ತೋರಿದ್ದನ್ನೆಲ್ಲ ಗಟ್ಟಿಯಾಗಿ ಆಡುತ್ತ ಲೆಕ್ಕಮಾಡುವುದು ಅವರ ಕೆಲಸ; ಬಾಯಿಮುಚ್ಚಿ ಕುಳಿತು ಬರೆದುಕೊಳ್ಳುವುದು ನನ್ನದು. ನಿವೃತ್ತ ಉಪನ್ಯಾಸಕನಿಗೆ ಇದೆಂತಹ ಕಠಿಣ ವ್ರತವೆಂಬುದನ್ನು ವಿವರಿಸಬೇಕಾಗಿಲ್ಲ!

ತಪ್ಪು ತೋರಿಸಿದವರಿಗೆ ಮನ್ನಣೆ ಸಲ್ಲಿಸುವ ಪದ್ಧತಿ ಲೋಕದಲ್ಲಿ ಹೊಸದಲ್ಲ. ಅಮೆರಿಕದ ಹೆಸರಾಂತ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರು ತಮ್ಮ ಗ್ರಂಥಗಳಲ್ಲಿ ತಪ್ಪು ಕಂಡುಹಿಡಿದ ಮೊದಲಿಗರಿಗೆ 2.56 ಡಾಲರುಗಳ ಚೆಕ್ಕನ್ನು ಸ್ವತಃ ಬರೆದು ಕಳುಹಿಸುತ್ತಿದ್ದರು. ಪಡೆದವರಲ್ಲಿ ಅನೇಕರು ಅದನ್ನು ಬ್ಯಾಂಕಿಗೆ ಹಾಕದೆ ಗೌರವಪತ್ರದಂತೆ ಕಾಪಾಡಿಕೊಂಡರು. ಗಣಿತವನ್ನು ಅಂದವಾಗಿ ಅಚ್ಚಿಗೆ ಜೋಡಿಸುವ ‘ಟೆಕ್’ ಎಂಬ ವ್ಯವಸ್ಥೆಯನ್ನು ರೂಪಿಸಿ ಲೋಕಕ್ಕೆ ಉಚಿತವಾಗಿತ್ತವರೂ ಅವರೇ. ಡಾಲರಿನ ಚೆಕ್ಕು ಬರೆಯುವ ಶಕ್ತಿ ನಮಗಿಲ್ಲ. ನಾವೊಂದು ಉದ್ದ ಪುಸ್ತಕವಿಟ್ಟು, ತೋರಿಸಿದ ತಪ್ಪನ್ನೂ ಅದರ ಮುಂದೆ ತೋರಿಸಿದವರ ಹೆಸರನ್ನೂ ಬರೆಯತೊಡಗಿದೆವು. ಮೊದಲ ಸಾಲಿನಲ್ಲಿ ಋಣ ಕಾಸ್ ವರ್ಗದ ಹುಡುಗಿಯ ಹೆಸರಿದೆ.

ಪುಸ್ತಕ ಬೇಗನೆ ತುಂಬಿತು. ಒಬ್ಬನಿಗೆ ಅಗ್ಗದ ಮೊಬೈಲಿನಲ್ಲಿ ಚುಕ್ಕಿಯೇ ಸರಿಯಲಿಲ್ಲ. ಇನ್ನೊಬ್ಬಳಿಗೆ ‘ಅವಕಲನ’ವೆಂದರೇನೆಂದು ತಿಳಿಯಲಿಲ್ಲ, ಪಿ.ಯು.ಸಿ.ಯಲ್ಲಿ ಅವಳು ಕೇಳಿದ್ದು ‘ಡೆರಿವೇಟಿವ್’. ಆದರೆ ವಿವರಣೆಯನ್ನು ಇಂಗ್ಲಿಷಿನಲ್ಲಿ ಓದಿದಾಗ ಪದ ತಿಳಿದರೂ ಭಾವ ತಿಳಿಯಲಿಲ್ಲ. ಕೊನೆಗೆ, ತರಗತಿಯ ಪದಗಳನ್ನು ಹಾಗೆಯೇ ಇರಿಸಿಕೊಂಡು ವಿವರಣೆಯನ್ನು ತಿಳಿಗನ್ನಡದಲ್ಲಿ ಕೊಡುವುದೆಂದು ತೀರ್ಮಾನವಾಯಿತು. ಇದರಲ್ಲಿ ಅಚ್ಚರಿಯೇನಿಲ್ಲ. 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದನು. ಕಲನಶಾಸ್ತ್ರದ ಬೀಜರೂಪವಾದ ಮಾಧವನ ಶ್ರೇಣಿಗಳನ್ನು ನೆರೆಯ ಕೇರಳದ ಜ್ಯೇಷ್ಠದೇವನು 16ನೆಯ ಶತಮಾನದಲ್ಲಿ ‘ಯುಕ್ತಿಭಾಷಾ’ ಗ್ರಂಥದಲ್ಲಿ ವಿವರಿಸಿದ್ದು ಜನರ ಮಲಯಾಳದಲ್ಲಿ. ತಿಳಿಯಬೇಕೆಂಬ ಮನಸ್ಸಿಗೆ ತನ್ನ ಮಾತೇ ಹತ್ತಿರ.

ಶರಣರ ಅನುಭವ ಮಂಟಪದಲ್ಲಿಯೂ ನಡೆದದ್ದು ಇದೇ ಅಲ್ಲವೇ? ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಅವಳನ್ನು ಬಗೆಬಗೆಯಾಗಿ ಪ್ರಶ್ನಿಸಿದ್ದನ್ನು ಶೂನ್ಯಸಂಪಾದನೆ ತಿಳಿಸುತ್ತದೆ. ಅಕ್ಕ ಎದೆಗುಂದದೆ ಉತ್ತರಿಸಿದಳು. ಅಲ್ಲಿ ಪ್ರಶ್ನೆ ಅಗೌರವವಾಗಿರಲಿಲ್ಲ, ಉತ್ತರಿಸುವುದು ಅವಿನಯವಾಗಿರಲಿಲ್ಲ. ಆ ಪರಂಪರೆಯವರಾದ ನಾವು ಮನೆಯಲ್ಲಿ ಮಕ್ಕಳಿಗೆ ಹಿರಿಯರೆದುರು ತಲೆಬಾಗುವುದನ್ನು ಚೆನ್ನಾಗಿ ಕಲಿಸಿದ್ದೇವೆ. ‘ನನಗೆ ತಿಳಿಯಲಿಲ್ಲ’, ‘ನೀವು ಹೇಳಿದ್ದು ಸರಿಯಲ್ಲವೆಂದು ತೋರುತ್ತದೆ’ ಎಂದು ತಲೆಯೆತ್ತಿ ಹೇಳುವುದನ್ನು ಕಲಿಸಿದ್ದೇವೆಯೇ?

ಈ ವರ್ಷ ಆ ಹುಡುಗಿ ಬಿ.ಎಸ್ಸಿ. ತರಗತಿಗೆ ಸೇರಿದ್ದಾಳೆ, ಗಣಿತವನ್ನು ಬಿಟ್ಟಿಲ್ಲ. ಭಾನುವಾರಗಳಂದು ಈಗಲೂ ನಮ್ಮ ಜಗಲಿಗೆ ಬಂದು ಹೊಸ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ. ಮೊನ್ನೆ ಹೊಸಬನೊಬ್ಬ “ಲಾಯ್ಕುಂಟು” ಎಂದಾಗ, “ಅದು ಬೇಡ ಮಾರಾಯ, ಎಲ್ಲಿ ಸಿಕ್ಕಿಬಿದ್ದೆ ಅಂತ ಹೇಳು,” ಎಂದು ಗದರಿಸಿದಳು. ಒಳಗಿನಿಂದ ಕೇಳಿಸಿಕೊಂಡ ನನಗೆ ನಗು ಬಂದಿತು, ಕಣ್ಣೂ ತೇವವಾಯಿತು.

ನಮಗೆ ಇನ್ನೂ ಪರೀಕ್ಷಕರು ಬೇಕು. ಅದು ಬೋಳಾರದ ಜಗಲಿಗೆ ಮಾತ್ರ ಸೀಮಿತವಾದ ಬೇಡಿಕೆಯಲ್ಲ. ಎಲ್ಲೆಲ್ಲಿ ಯಾರಾದರೂ ಒಳ್ಳೆಯ ಮನಸ್ಸಿನಿಂದ ವಿದ್ಯೆಯನ್ನು ಉಚಿತವಾಗಿ ನೀಡುತ್ತಿದ್ದಾರೋ ಅಲ್ಲೆಲ್ಲ ತಮ್ಮ ಮಕ್ಕಳನ್ನು ಕೂರಿಸಿ, ಪ್ರಾಮಾಣಿಕವಾಗಿ ನುಡಿಯಲು ಬಿಡಬೇಕೆಂದು ಶರಣಬಂಧುಗಳಲ್ಲಿ ನನ್ನ ವಿನಂತಿ. ಅಡಿಗೆಯ ಕೈಗೆ ನಮಸ್ಕರಿಸೋಣ. ಕಲ್ಲು ಸಿಕ್ಕಿದರೆ ಅದನ್ನು ಎಲೆಯ ಅಂಚಿನಲ್ಲಿ ತೆಗೆದಿಟ್ಟು ತೋರಿಸೋಣ. ಬಡಿಸುವವರು ಬೇಸರಿಸಿದರೂ ಚಿಂತೆಯಿಲ್ಲ. ಮುಂದಿನ ಪಂಕ್ತಿ ಇನ್ನೂ ಕಾದಿದೆ.