ಒಂದೇ ಒಂದು ‘ಎಸ್’

ಜುಲೈ 9

ಒಂಬತ್ತನೇ ಕ್ಲಾಸಿನ ಉತ್ತರ ಪತ್ರಿಕೆ ತಿದ್ದುತ್ತಿದ್ದೇನೆ. ‘ಮೈ ಫಾದರ್ ಗೋ ಟು ಫೀಲ್ಡ್’ ಎಂದೇ ಮುಕ್ಕಾಲು ಮಕ್ಕಳು ಬರೆದಿದ್ದಾರೆ. “ಕರ್ತೃ ಯಾವುದು, ಕ್ರಿಯಾಪದ ಯಾವುದು, ಎರಡಕ್ಕೂ ಹೊಂದಿಸಬೇಕು ಅನ್ನೋದೇ ಇವರಿಗೆ ಹತ್ತಲ್ಲ” ಎಂದರು ಸ್ಟಾಫ್‌ರೂಮಿನಲ್ಲಿ ಒಬ್ಬರು. ನಾನು ಒಪ್ಪಲಿಲ್ಲ. ಹೋದನು, ಹೋದಳು, ಹೋಯಿತು, ಹೋದರು, ಹೋದೆ, ಹೋದೆವು: ಲಿಂಗ, ವಚನ, ಪುರುಷ ಮೂರನ್ನೂ ಇವರು ಶಾಲೆಗೆ ಬರುವ ಮೊದಲೇ ಹೊಂದಿಸಿಕೊಂಡು ಬಂದವರು. ಇಷ್ಟಕ್ಕೂ ಇಂಗ್ಲಿಷಿನಲ್ಲಿರುವುದು ‘ವೆಂಟ್’ ಒಂದೇ. ಇಂಥ ಪ್ರತ್ಯಯಗಳನ್ನೆಲ್ಲ ಉದುರಿಸಿಕೊಂಡ ಭಾಷೆ ವರ್ತಮಾನಕಾಲದಲ್ಲಿ, ಅದೂ ಹಿ, ಶಿ, ಇಟ್‌ಗೆ ಮಾತ್ರ, ಒಂದು ‘ಎಸ್’ ಉಳಿಸಿಕೊಂಡಿದೆ. ನಾಮಪದಕ್ಕೆ ಹತ್ತಿದರೆ ಅದೇ ಬಹುವಚನ, ಕ್ರಿಯಾಪದಕ್ಕೆ ಹತ್ತಿದರೆ ಏಕವಚನ! ಮಕ್ಕಳು ಬೇಸ್ತು ಬೀಳದೆ ಇನ್ನೇನು?

ಜುಲೈ 11

‘ಅವರ್ ಹೆಡ್‌ಮಾಸ್ಟರ್ ಆರ್ ಸ್ಟ್ರಿಕ್ಟ್.’ ಕರೆದು ಕೇಳಿದೆ, “ಈಸ್ ಅಲ್ವೇನೇ?”

“ಹೆಡ್‌ಮಾಸ್ಟ್ರಿಗೆ ಈಸ್ ಅಂತಾರಾ ಮಿಸ್?”

ಅದೇ ಹುಡುಗಿ ಕೆಳಗೆ ‘ಟೆನ್ ಶೀಪ್ ಈಸ್ ದೇರ್’ ಎಂದಿದ್ದಾಳೆ. ಹತ್ತು ಕುರಿ ಇದೆ, ಹೆಡ್‌ಮಾಸ್ಟ್ರು ಇದ್ದಾರೆ. ಲೆಕ್ಕ ಸರಿಯಾಗೇ ಇದೆ, ಭಾಷೆ ಬೇರೆ ಅಷ್ಟೆ. ಕೆಂಪು ಗೆರೆ ಎಳೆದೆ, ಪಬ್ಲಿಕ್ ಪರೀಕ್ಷೆಯಲ್ಲಿ ಯಾರೂ ಬಿಡುವುದಿಲ್ಲ.

ಇನ್ನೊಂದು ಪೇಚು: ಕನ್ನಡ ಪೀರಿಯಡ್‌ನಲ್ಲಿ ‘ಅವನು’ ಪ್ರಥಮ ಪುರುಷ, ನನ್ನ ಪೀರಿಯಡ್‌ನಲ್ಲಿ ಥರ್ಡ್ ಪರ್ಸನ್. ‘ಐ ಗೋಸ್’ ಎಲ್ಲಿಂದ ಬಂತೆಂದು ಕೇಳಬೇಕಿಲ್ಲ.

ಜುಲೈ 14

ಆ ಹುಡುಗಿಯ ‘ಆರ್’ ಮನಸ್ಸಿನಲ್ಲೇ ಕೂತಿದೆ. ಇಂಗ್ಲಿಷಿನ ‘ಯು’ ಕೂಡ ಮೊದಲು ಬಹುವಚನವೇ. ಒಬ್ಬರನ್ನೇ ಮರ್ಯಾದೆಯಿಂದ ಕರೆಯಲು ಬಳಸಿ ಬಳಸಿ ಕಡೆಗೆ ಎಲ್ಲರಿಗೂ ಅದೇ ಆಯಿತು; ಎದುರಿಗಿರುವುದು ಒಬ್ಬರೇ ಆದರೂ ‘ಆರ್’. ಹದಿನೆಂಟನೇ ಶತಮಾನದಲ್ಲಿ ಒಬ್ಬರಿಗೆ ‘ಯು ವಾಸ್’ ಎಂದು ಒಳ್ಳೊಳ್ಳೆಯ ಲೇಖಕರೇ ಬರೆಯುತ್ತಿದ್ದರು. ರಾಬರ್ಟ್ ಲೌತ್ 1762ರಲ್ಲಿ ತಮ್ಮ ವ್ಯಾಕರಣ ಪುಸ್ತಕದಲ್ಲಿ ಅದನ್ನು ತಪ್ಪೆಂದರು. ತಂಡ ಒಂದೇ ಆದರೂ ಕ್ರಿಕೆಟ್ ಕಾಮೆಂಟರಿಯಲ್ಲಿ ಇವತ್ತಿಗೂ ‘ಇಂಡಿಯಾ ಆರ್ ಬ್ಯಾಟಿಂಗ್’. ಅಮೆರಿಕದವರ ಕಿವಿಗೆ ಅದು ಒಗ್ಗುವುದಿಲ್ಲ.

ನಾಳೆಯ ಪಾಠ ‘ದ ಬಾಸ್ಕೆಟ್ ಆಫ್ ಮ್ಯಾಂಗೋಸ್ ಈಸ್ ಇನ್‌ಸೈಡ್’. ಕನ್ನಡದಲ್ಲಿ ‘ಮಾವಿನಹಣ್ಣುಗಳ ಬುಟ್ಟಿ ಒಳಗಿದೆ’. ಹಣ್ಣು ಮುಂದೆ ಹೋಗಿ, ಬುಟ್ಟಿ ಕ್ರಿಯಾಪದದ ಕಡೆಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ನಡುವೆ ಹಣ್ಣು ಬಂದು ಕೂತು ‘ಆರ್’ ಬರೆಸಿಬಿಡುತ್ತದೆ. ‘ಆಫ್’ನಿಂದ ‘ಮ್ಯಾಂಗೋಸ್’ವರೆಗೆ ಪೆನ್ಸಿಲಿನಲ್ಲಿ ಹೊಡೆದುಹಾಕಿ, ಉಳಿದದ್ದನ್ನು ಗಟ್ಟಿಯಾಗಿ ಓದಿಸಬೇಕು. ಹಿಂದಿನ ಬೆಂಚಿನಿಂದಲೇ ಶುರು.