ಬಾಣಂತಿಗೆ ಬ್ರಾಂದಿ ಬೇಡ
ಸಾರಾಯಿ ಬಂದ್ ಆಗಿದ್ದು 2007ರ ಜುಲೈ 1ಕ್ಕೆ. ಆಗ ಹಣಕಾಸು ಮಂತ್ರಿ ನಮ್ಮ ಶಿಕಾರಿಪುರದ ಶಾಸಕ ಯಡಿಯೂರಪ್ಪ. ಕೊಟ್ಟೆ ಸಾರಾಯಿ ಹೋಯ್ತು. ಕುಡಿಯೋರು ಬ್ರಾಂದಿ, ರಮ್ಮು, ವಿಸ್ಕಿ ಕಡೆ ತಿರುಗಿದರು.

ಸುದ್ದಿಗೆ ಅಂತ ಸೊರಬದ ಹಳ್ಳಿಗಳಿಗೆ ಹೋದಾಗ ನಾವು ಈಗಲೂ ಕೇಳೋ ಮಾತು: "ಬ್ರಾಂದಿ ಥಂಡಿಗೆ ಔಷಧಿ, ಬಾಣಂತಿಗೂ ಒಂದು ಮುಚ್ಚಳ ಕೊಡಿ."

ಒಮ್ಮೆ ಲೇಬಲ್ ಓದಿ. ಮೂರರಲ್ಲೂ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್. ಅಗ್ಗದ ಮಾಲಿನ ಮೂಲ ಹೆಚ್ಚಾಗಿ ಕಾಕಂಬಿ ಇಲ್ಲವೇ ಧಾನ್ಯದ ಸ್ಪಿರಿಟ್ಟು. ಬಣ್ಣ, ವಾಸನೆ ಮಾತ್ರ ಬೇರೆ. ಕುಡಿದಾಗ ಮೈ ಬೆಚ್ಚಗೆನಿಸೋದು ರಕ್ತ ಚರ್ಮದ ಕಡೆ ನುಗ್ಗೋದರಿಂದ. ಒಳಗಿನ ಶಾಖ ಹೊರಗೆ ಹೋಗುತ್ತೆ. ತಾಯಿ ಕುಡಿದದ್ದು ಎದೆಹಾಲಿಗೂ ಸೇರುತ್ತೆ.

ಬಾಣಂತಿಗೆ ಥಂಡಿಯಾದರೆ ಕಂಬಳಿ ಹೊದಿಸಿ, ಬಿಸಿನೀರು ಕೊಡಿ, ಆಸ್ಪತ್ರೆಗೆ ತೋರಿಸಿ. ಬ್ರಾಂದಿ ಬಾರಿನಲ್ಲೇ ಇರಲಿ.